ಕೈಗೆ, ಕಣ್ಣಿಗೆ, ಆಮೇಲೆ ಜೇಬಿಗೆ

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಒಂದೇ ಮಾತು. "ಕಾಲೇಜೇನೋ ಸಿಕ್ತು, ಇನ್ನು ಲ್ಯಾಪ್‌ಟಾಪ್ ಯಾವ್ದು ತಗೊಳ್ಳೋದು?" ಕಾಲೇಜು ಯಾವುದು ಅಂತ ಪರೀಕ್ಷಾ ಪ್ರಾಧಿಕಾರದವರೇ ಹೇಳಿಬಿಡ್ತಾರೆ. ಲ್ಯಾಪ್‌ಟಾಪಿಗೆ ಅಂಥ ಪ್ರಾಧಿಕಾರ ಇಲ್ಲವಲ್ಲ, ಹಾಗಾಗಿ ಪ್ರಶ್ನೆ ಕಾಂಪೌಂಡಿಂದ ಕಾಂಪೌಂಡಿಗೆ ದಾಟುತ್ತೆ. ಪಕ್ಕದ ಮನೆಯವರು ಬಟ್ಟೆ ಒಣಹಾಕ್ತಾ ಕೇಳ್ತಾರೆ, ಎದುರುಮನೆ ಮೇಷ್ಟ್ರು ಹಾಲು ತರೋಕೆ ಹೊರಟವರು ನಿಂತು ಕೇಳ್ತಾರೆ. ನನಗೂ ಈ ವಿಷಯ ಅಂದರೆ ಬಹಳ ಪ್ರೀತಿ. ಕೇಳಿದ್ದೇ ತಡ, ಕೈಯಲ್ಲಿರೋ ಕೆಲಸ ಬಿಟ್ಟು ಮಾತಿಗೆ ನಿಂತುಬಿಡ್ತೀನಿ.

ನಾನು ಮೊದಲು ಕೇಳೋದು ಬ್ರ್ಯಾಂಡ್ ಯಾವುದು ಅಂತ ಅಲ್ಲ, ಎಷ್ಟು ದುಡ್ಡು ಇಟ್ಟಿದ್ದೀರಿ ಅಂತಲೂ ಅಲ್ಲ. ಎಲ್ಲಿ ಕೂತು ಕೆಲಸ ಮಾಡ್ತೀರಿ, ಅಂತ. ಜನ ಒಂದು ಕ್ಷಣ ತಬ್ಬಿಬ್ಬಾಗ್ತಾರೆ. ಆದರೆ ನೋಡಿ, ಅರ್ಧ ಉತ್ತರ ಅಲ್ಲೇ ಇದೆ. ಮನೆಯ ಹೊಸಿಲು ದಾಟದ ಲ್ಯಾಪ್‌ಟಾಪ್‌ಗಳು ನಮ್ಮ ಬಡಾವಣೆಯಲ್ಲೇ ಎಷ್ಟಿಲ್ಲ! ಊಟದ ಮೇಜಿನ ಮೂಲೆಯಲ್ಲಿ ಸದಾ ಚಾರ್ಜರ್ ಸಿಕ್ಕಿಸಿಕೊಂಡು ಕೂತಿರುತ್ತವೆ. ಅದೇ ದುಡ್ಡಿಗೆ ಡೆಸ್ಕ್‌ಟಾಪ್ ತಗೊಂಡಿದ್ದರೆ ಅಗಲವಾದ ಪರದೆ, ಕೈಗೆ ಒಗ್ಗುವ ಕೀಲಿಮಣೆ, ನಾಲ್ಕು ವರ್ಷ ಬಿಟ್ಟು ಒಂದು ಭಾಗ ಹಾಳಾದರೆ ಅದೊಂದನ್ನೇ ಬದಲಿಸಿಕೊಳ್ಳುವ ಅನುಕೂಲ, ಎಲ್ಲಾ ಸಿಗ್ತಿತ್ತು. ಕತ್ತು ಬಗ್ಗಿಸಿ ಕೂರೋದೂ ತಪ್ಪುತ್ತಿತ್ತು, ಅಲ್ವಾ?

ಹಾಗಂತ ಡೆಸ್ಕ್‌ಟಾಪೇ ಸರಿ ಅಂತ ಹಟ ಹಿಡಿಯೋಕಾಗಲ್ಲ. ಕರೆಂಟ್ ಹೋದರೆ ಅದು ಗಪ್. ಜೊತೆಗೊಂದು ಯುಪಿಎಸ್ ಬೇಕೇ ಬೇಕು. ಸಾಮಾನ್ಯವಾಗಿ ಅಂಗಡಿಯವರು ಕೊಡೋ 600 ವಿಎ ಯುಪಿಎಸ್ ಹತ್ತು ಹದಿನೈದು ನಿಮಿಷ ಎಳೆಯುತ್ತೆ, ಅಷ್ಟೇ. ಬರೆದಿದ್ದನ್ನ ಉಳಿಸಿ, ನೆಟ್ಟಗೆ ಆಫ್ ಮಾಡೋಕೆ ಸಾಕು. ಸಂಜೆಯೆಲ್ಲಾ ಕರೆಂಟ್ ಇಲ್ಲದ ಊರಾದರೆ ಲ್ಯಾಪ್‌ಟಾಪೇ ವಾಸಿ. ಮಲೆನಾಡಿನ ನೆಂಟರ ಮನೆಯಲ್ಲಿ ನೋಡಿದ್ದೀನಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಮಳೆ ಬಂತು ಅಂದರೆ, ಅಂಗಳದಲ್ಲಿ ಒಣಗೋಕೆ ಹಾಕಿದ ಹಪ್ಪಳ ಎತ್ತೋಕೆ ಒಬ್ಬರು ಓಡಿದರೆ, ಕಂಪ್ಯೂಟರಿನ ಪ್ಲಗ್ಗು ಕೀಳೋಕೆ ಇನ್ನೊಬ್ಬರು. ಬರೀ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮೋಡೆಮ್ಮಿಗೆ ಬರೋ ತಂತಿಯನ್ನೂ ಬಿಚ್ಚಬೇಕು, ಯಾಕಂದರೆ ಸಿಡಿಲು ಎಷ್ಟೋ ಸಲ ಆ ದಾರಿಯಿಂದಲೇ ಒಳಗೆ ಬರುತ್ತೆ. ಆ ಮನೆಯ ಅಜ್ಜಿಗೆ ಕಂಪ್ಯೂಟರ್ ಆನ್ ಮಾಡೋಕೆ ಬರ್ತಿರಲಿಲ್ಲ, ಆದರೆ ಯಾವ ತಂತಿ ಮೊದಲು ಕೀಳಬೇಕು ಅಂತ ಚೆನ್ನಾಗಿ ಗೊತ್ತಿತ್ತು!

ಇರಲಿ, ಎಲ್ಲಿಗೋ ಹೋದೆ. ಅಂಗಡಿಯ ಮಾತಿಗೆ ಬರೋಣ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳೋದು ಆ ಅಂಗೈ ಒರಗಿಸೋ ಜಾಗದಲ್ಲಿ ಅಂಟಿಸಿರೋ ಬಣ್ಣಬಣ್ಣದ ಚೀಟಿಗಳು. ಐ3, ಐ5, ಐ7. ಇಂಟೆಲ್‌ನವರು ತಮ್ಮ ಪ್ರೊಸೆಸರುಗಳಿಗೆ ಈ ಹೆಸರುಗಳನ್ನ ಶುರು ಮಾಡಿದ್ದು 2008ರಿಂದ ಈಚೆಗೆ. ಅಲ್ಲಿಂದ ನಮ್ಮಲ್ಲಿ "ಐ5 ಇಲ್ದಿದ್ರೆ ಬೇಡ" ಅನ್ನೋದು ಗಾದೆಯೇ ಆಗಿಹೋಯ್ತು. ಅದರ ಮುಂದಿರೋ ನಾಲ್ಕೈದು ಅಂಕಿಗಳನ್ನ ಮಾತ್ರ ಯಾರೂ ಓದಲ್ಲ. ನಿಜವಾದ ಸಮಾಚಾರ ಇರೋದೇ ಅಲ್ಲಿ. ಐ7-7500ಯು ಅಂತ ಒಂದಿತ್ತು, 2016ರದ್ದು, ಒಳಗೆ ಎರಡೇ ಕೋರ್. ಐ3-1215ಯು ಅಂತ ಇನ್ನೊಂದು, 2022ರದ್ದು, ಆರು ಕೋರ್. ಹೆಸರಲ್ಲಿ 3 ಇರೋದು ಹೆಸರಲ್ಲಿ 7 ಇರೋದನ್ನ ಸಲೀಸಾಗಿ ಹಿಂದೆ ಹಾಕುತ್ತೆ. ಹಳೇ ಐ7 ಅನ್ನು "ಸೆಕೆಂಡ್ಸ್‌ನಲ್ಲಿ ಅಗ್ಗಕ್ಕೆ ಸಿಗ್ತಿದೆ" ಅಂತ ಯಾರಾದರೂ ಹೇಳಿದರೆ ಆ ಅಂಕಿ ಕೇಳಿ. ಐ5-1235ಯು ಅಂದರೆ ಮೊದಲ ಎರಡು ಅಂಕಿ ಪೀಳಿಗೆ, ಹನ್ನೆರಡನೇದು. ಕೊನೆಯ ಅಕ್ಷರ ಯು ಇದ್ದರೆ ಬ್ಯಾಟರಿ ಉಳಿಸೋ ಜಾತಿ, ಎಚ್ ಇದ್ದರೆ ಭಾರೀ ಕೆಲಸಕ್ಕೆ, ಜೊತೆಗೆ ಒಂದಿಷ್ಟು ಬಿಸಿ, ಒಂದಿಷ್ಟು ಫ್ಯಾನಿನ ಸದ್ದು. 2023ರ ಕೊನೆಯಲ್ಲಿ ಬಂದ ಕೋರ್ ಅಲ್ಟ್ರಾದಿಂದ ಆ "ಐ" ಅನ್ನೂ ಬಿಟ್ಟಿದ್ದಾರೆ. ಗಾದೆ ಹೇಳೋರು ಈಗ ಏನು ಮಾಡ್ತಾರೋ!

ಎಎಮ್‌ಡಿಯವರದ್ದು ಇನ್ನೂ ಸೊಗಸು. ರೈಝನ್ 5 7520ಯು, ರೈಝನ್ 5 7530ಯು, ಎರಡೂ ಪಕ್ಕಪಕ್ಕ ಇಟ್ಟಿರ್ತಾರೆ. ಎರಡರಲ್ಲೂ 5 ಇದೆ, ಎರಡೂ 7ರಿಂದ ಶುರು, ಅಂದರೆ 2023ರ ಸಾಲಿನವು. ವ್ಯತ್ಯಾಸ ಇರೋದು ಮೂರನೇ ಅಂಕಿಯಲ್ಲಿ. 2 ಇದ್ದರೆ ಒಳಗಿನ ಕೋರಿನ ವಿನ್ಯಾಸ ಝೆನ್ 2, ಅದು ಮೊದಲು ಬಂದದ್ದು 2019ರಲ್ಲಿ. 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ವರ್ಷದ ಅಂಕಿ ಮುಂದೆ, ವಯಸ್ಸಿನ ಅಂಕಿ ಮಧ್ಯೆ! ಪಕ್ಕದ ಮನೆಯವರಿಗೆ ಇದನ್ನ ಹೇಳಿದಾಗ ಅವರು ಬಟ್ಟೆ ಕ್ಲಿಪ್ಪು ಕೈಯಲ್ಲೇ ಹಿಡ್ಕೊಂಡು ಒಂದು ಗಳಿಗೆ ಯೋಚನೆ ಮಾಡಿ, "ಅಂದ್ರೆ ಮದುವೆ ಜಾತಕ ನೋಡೋ ಹಾಗೆ ನಡುಮನೆ ನೋಡ್ಬೇಕು ಅನ್ನಿ" ಅಂದರು. 7520ಯು ಕೆಟ್ಟ ಚಿಪ್ಪು ಅಂತಲ್ಲ. ಕಾಗದಪತ್ರ, ಬ್ಯಾಂಕಿನ ಕೆಲಸ, ಯೂಟ್ಯೂಬು ಇಷ್ಟೇ ಸಾಕು ಅನ್ನೋರಿಗೆ ಧಾರಾಳ ಆಗುತ್ತೆ. 7530ರ ಬೆಲೆ ಕೊಟ್ಟು 7520 ತರಬಾರದು, ಅಷ್ಟೇ.

ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ಪಟ್ಟಿಯಲ್ಲಿ ಪ್ರೊಸೆಸರ್‌ಗೆ ಮೊದಲ ಜಾಗ ಇಲ್ಲ, ಗೊತ್ತಾ? ದಿನಕ್ಕೆ ನಾಲ್ಕೈದು ಗಂಟೆ ನಮ್ಮ ಕಣ್ಣು ನೋಡೋದು ಪರದೆಯನ್ನ, ಬೆರಳು ಮುಟ್ಟೋದು ಕೀಲಿಗಳನ್ನ. ಕಾಯಿಸೋದು, ಸತಾಯಿಸೋದು ರ‍್ಯಾಮು ಮತ್ತು ಡಿಸ್ಕು. ದುಡ್ಡು ಸುರಿಯೋದಾದರೆ ಮೊದಲು ಅಲ್ಲಿ ಸುರಿಯಿರಿ ಅಂತೀನಿ. ಪ್ರೊಸೆಸರ್‌ನಲ್ಲಿ ಒಂದು ಮೆಟ್ಟಿಲು ಇಳಿದರೂ ಪರವಾಗಿಲ್ಲ, ಪರದೆಯಲ್ಲಿ ಇಳೀಬೇಡಿ.

ರ‍್ಯಾಮ್ ಅಂದರೆ ಅಡುಗೆಕಟ್ಟೆ, ಡಿಸ್ಕ್ ಅಂದರೆ ಉಗ್ರಾಣ. ಉಗ್ರಾಣದಲ್ಲಿ ಎಷ್ಟು ಮೂಟೆ ಇದ್ದರೇನು, ಕಟ್ಟೆ ಮೊಳದಗಲ ಇದ್ದರೆ ಹೆಚ್ಚೋ ಮಣೆ ಇಡೋಕೆ ಪಾತ್ರೆ ಕೆಳಗಿಳಿಸಬೇಕು, ಅಲ್ವಾ? 8 ಜಿಬಿ ಇವತ್ತಿನ ವಿಂಡೋಸಿಗೆ ಕಾಲು ಮಡಚಿಕೊಂಡು ಕೂತಷ್ಟು ಜಾಗ. 16 ಇದ್ದರೆ ನೆಮ್ಮದಿ. ಈಗ 8 ತಗೊಂಡು ಆಮೇಲೆ ಹಾಕಿಸ್ತೀನಿ ಅನ್ನೋರು ಒಂದು ಮಾತು ಕೇಳಿಟ್ಕೊಳ್ಳಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸೆದುಬಿಟ್ಟಿರ್ತಾರೆ. ಆಗ ಹೇಳಿದೆನಲ್ಲ 7520ಯು, ಅದಿರೋ ಯಂತ್ರಗಳಲ್ಲೂ ಹಾಗೆಯೇ. ಎಲ್‌ಪಿಡಿಡಿಆರ್ ಅಂತ ಬರೆದಿದ್ದರೆ ಸಾಮಾನ್ಯವಾಗಿ ಬೆಸುಗೆಯೇ. "ಇನ್ನೊಂದು ಸ್ಲಾಟ್ ಖಾಲಿ ಇದೆಯಾ?" ಅಂತ ಅಂಗಡಿಯಲ್ಲೇ ಬಾಯಿಬಿಟ್ಟು ಕೇಳಬೇಕು. ಮೇಲಾಗಿ 2025ರ ಕೊನೆಯಿಂದ ರ‍್ಯಾಮಿನ ಬೆಲೆ ಚಿನ್ನದ ಜೊತೆ ಪೈಪೋಟಿಗೆ ಬಿದ್ದು ಏರಿತು. ಎಐ ಅಂತ ಕಟ್ಟುತ್ತಿರುವ ಆ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ಪುಗಳು ಹೋಗಿ, ನಮ್ಮ ನಿಮ್ಮ ಪಾಲಿಗೆ ಕಡಿಮೆಯಾಯ್ತು. ಎಲ್ಲೋ ಯಾರೋ ಮಾತಾಡೋ ಯಂತ್ರ ಮಾಡಿದರೆ ನಮ್ಮ ಬೀದಿಯ ಹುಡುಗಿಯ ಲ್ಯಾಪ್‌ಟಾಪ್ ದುಬಾರಿ ಆಗುತ್ತೆ. ಎಂಥಾ ಕಾಲ ನೋಡಿ.

ಡಿಸ್ಕಿನ ಬಗ್ಗೆ ಹೆಚ್ಚು ಮಾತು ಬೇಡ. ಎಸ್‌ಎಸ್‌ಡಿ ಇರಬೇಕು, 512 ಜಿಬಿ ಸಾಕು. ಮನೆಗೆ ತಂದು ನೋಡಿದರೆ 476 ಅಂತ ತೋರಿಸುತ್ತೆ, ಆಗ ಅಂಗಡಿಗೆ ವಾಪಸ್ ಓಡಬೇಡಿ. ತಯಾರಿಸೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸುತ್ತೆ. 1 ಟಿಬಿ ಅಂತ ತಂದದ್ದು 931 ಆಗೋದೂ ಹೀಗೇ. ಯಾರೂ ಕದ್ದಿರಲ್ಲ. ಇನ್ನೊಂದು ಮಾತು, ಮನೆಯಲ್ಲಿರೋ ಹಳೇ ಯಂತ್ರ ತೆವಳ್ತಿದೆ ಅಂತ ಹೊಸದಕ್ಕೆ ಹೊರಟಿದ್ದರೆ, ಅದರೊಳಗೆ ಇನ್ನೂ ತಿರುಗೋ ಹಾರ್ಡ್ ಡಿಸ್ಕೇ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಅದನ್ನ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಎದುರುಮನೆ ಮೇಷ್ಟ್ರ ಯಂತ್ರಕ್ಕೆ ಹಾಗೆ ಮಾಡಿಸಿದ್ದಕ್ಕೆ, ಮೊದಲು ಆನ್ ಮಾಡಿ ಕಾಫಿ ಕಾಸಿಕೊಂಡು ಬರ್ತಿದ್ದವರು ಈಗ ಕಾಫಿಗೆ ಬೇರೆ ಸಮಯ ಹುಡುಕ್ತಿದ್ದಾರೆ.

ಪರದೆ ಅಂದೆನಲ್ಲ, ಅದರ ಹತ್ತಿರ ಒಂಚೂರು ನಿಲ್ಲೋಣ. ಕನ್ನಡ ಓದೋರಿಗೆ, ಬರೆಯೋರಿಗೆ ಪರದೆ ಇನ್ನೂ ಮುಖ್ಯ. ಇಂಗ್ಲಿಷಿನ ಅಕ್ಷರ ಒಂದೇ ಅಂತಸ್ತಿನ ಮನೆ, ನಮ್ಮದು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಆ ಒತ್ತಿನ ಪಕ್ಕ ಇನ್ನೊಂದು ಒತ್ತು. ಅಗ್ಗದ ಯಂತ್ರಗಳಲ್ಲಿ ಈಗಲೂ ಸಿಗೋ 1366 ಗುಣಿಸು 768ರ ಪರದೆಯಲ್ಲಿ ಚಿಕ್ಕ ಗಾತ್ರದ ಒತ್ತಕ್ಷರಗಳು ಮಸುಕು ಮಸುಕಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 1920 ಗುಣಿಸು 1080 ಕನಿಷ್ಠ ಅಂತಿಟ್ಕೊಳ್ಳಿ. 1920 ಗುಣಿಸು 1200 ಸಿಕ್ಕರೆ ಇನ್ನೂ ಒಳ್ಳೇದು, ಪುಟದ ನಾಲ್ಕು ಸಾಲು ಹೆಚ್ಚಿಗೆ ಕಾಣುತ್ತೆ. ಅಂಗಡಿಯಲ್ಲಿ ನಾನು ಒಂದು ಪರೀಕ್ಷೆ ಮಾಡ್ತೀನಿ. ಯಾವುದಾದರೂ ಕನ್ನಡ ಪುಟ ತೆರೆಸಿ "ಸ್ವಾತಂತ್ರ್ಯ", "ರಾಷ್ಟ್ರೀಯ", "ಲಕ್ಷ್ಮಿ" ಇಂಥ ಮಾತು ಹುಡುಕಿ, ಮಾಮೂಲಿ ಗಾತ್ರದಲ್ಲಿ ಒಂದು ಮೊಳ ದೂರದಿಂದ ಓದ್ತೀನಿ. ಕಣ್ಣು ಕಿರಿದು ಮಾಡದೆ ಓದಕ್ಕಾಯ್ತಾ, ಪಾಸು. ಅಂಗಡಿಯ ಹುಡುಗರು ಬೆರಗಾಗಿ ನೋಡ್ತಾರೆ. ಬಹಳ ಜನ ಅಲ್ಲಿ ಸಿನಿಮಾದ ಟ್ರೇಲರ್ ಹಾಕಿಸಿ ನೋಡ್ತಾರಂತೆ.

ಆಮೇಲೆ ಬೆಳಕು. 250 ನಿಟ್ಸ್ ಅಂತ ಬರೆದಿದ್ದರೆ ಕತ್ತಲೆ ಕೋಣೆಗೆ ಸರಿ, ನಮ್ಮ ಜಗಲಿಗೆ ಸಾಲದು. 300 ದಾಟಿರಲಿ. ಬಣ್ಣದ್ದೂ ಒಂದು ಅಂಕಿ ಇರುತ್ತೆ, ಅಗ್ಗದವುಗಳಲ್ಲಿ 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ. ಹಾಗಿದ್ದರೆ ಕೆಂಪೆಲ್ಲಾ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತೆ. ಬರೆಯೋರಿಗೆ ಅದು ತೊಂದರೆಯಲ್ಲ. ಹಿಂದಿನ ಬೀದಿಯಲ್ಲಿ ಇಳಕಲ್ ಸೀರೆ ಮಾರೋ ಹೆಣ್ಣುಮಗಳಿದ್ದಾರೆ, ಫೋಟೋ ತೆಗೆದು, ಕಂಪ್ಯೂಟರಲ್ಲಿ ತಿದ್ದಿ, ವಾಟ್ಸಾಪಿನಲ್ಲಿ ಕಳಿಸ್ತಾರೆ. ದಾಳಿಂಬೆ ಬಣ್ಣದ ಸೀರೆ ಅಂತ ಕಳಿಸಿದ್ದು ಅಲ್ಲಿ ಬೇರೆಯೇ ಕಾಣ್ತಿತ್ತಂತೆ, ಗಿರಾಕಿಗಳು ತಿರುಗಿ ಕಳಿಸ್ತಿದ್ದರಂತೆ. ಕ್ಯಾಮೆರಾ ಬದಲಾಯಿಸಿ ನೋಡಿದರು, ದೀಪ ಬದಲಾಯಿಸಿ ನೋಡಿದರು. ಕೊನೆಗೆ ನೋಡಿದರೆ ಪರದೆಯೇ ಬಣ್ಣ ತಪ್ಪಿ ತೋರಿಸ್ತಿತ್ತು, ಇವರು ಅದನ್ನ ನಂಬಿ ಸರಿಯಾಗಿದ್ದ ಫೋಟೋವನ್ನ ತಿದ್ದಿ ಕೆಡಿಸ್ತಿದ್ದರು. ಅಂಥವರು 100 ಪರ್ಸೆಂಟ್ ಎಸ್‌ಆರ್‌ಜಿಬಿ ಅಂತ ಬರೆದಿರೋದನ್ನೇ ಕೇಳಿ ತಗೋಬೇಕು. ಅವರಿಗೆ ಅದು ಶೋಕಿಯಲ್ಲ, ಹೊಟ್ಟೆಪಾಡು.

ಕೀಲಿಮಣೆಗೆ ಬಂದರೆ ನನಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನೆನಪಾಗದೇ ಇರಲ್ಲ. ಮಹಡಿ ಮೇಲಿನ ಉದ್ದನೆ ಹಾಲು, ಸಾಲಾಗಿ ಕನ್ನಡ, ಇಂಗ್ಲಿಷ್ ಟೈಪ್‌ರೈಟರ್‌ಗಳು, ಬೆಳಿಗ್ಗೆ ಆರಕ್ಕೇ ಶುರುವಾಗೋ ಟಕಟಕ ಸದ್ದು. ಕನ್ನಡದ ಜೂನಿಯರ್ ಪರೀಕ್ಷೆಗೆ ಕಟ್ಟಿದವರ ಕಿರುಬೆರಳಿಗೆ ಎಂಥ ಕಸರತ್ತು! ಕೈ ನೋಡದೆ ಹೊಡೀಬೇಕು ಅಂತ ಮೇಷ್ಟ್ರು ಬೆರಳ ಮೇಲೆ ಟವೆಲ್ ಹೊದಿಸ್ತಿದ್ದರು. ಆ ಯಂತ್ರಗಳ ಕೀಲಿಗೆ ಆಳ ಇತ್ತು, ಒತ್ತಿದ್ದು ಬೆರಳಿಗೆ ಗೊತ್ತಾಗ್ತಿತ್ತು. ಈಗಿನ ತೆಳ್ಳನೆ ಲ್ಯಾಪ್‌ಟಾಪಿನ ಕೆಲವು ಕೀಲಿಮಣೆ ಮೇಲೆ ಬೆರಳಿಟ್ಟರೆ ಮೇಜಿನ ಮೇಲೆ ತಾಳ ಹಾಕಿದ ಅನುಭವ. ಅದಕ್ಕೇ ಹೇಳೋದು, ಬರೀ ಚಿತ್ರ ನೋಡಿ ತರಿಸಬೇಡಿ, ಒಂದು ಅಂಗಡಿಗೆ ಹೋಗಿ ಎರಡು ಪ್ಯಾರಾ ಹೊಡೆದು ನೋಡಿ. ತಗೊಳ್ಳೋದು ಎಲ್ಲಿಂದಲಾದರೂ ತಗೊಳ್ಳಿ.

ನುಡಿ ತಂತ್ರಾಂಶದಲ್ಲಿ ಕನ್ನಡ ಬರೆಯೋರ ಕೀಲಿಮಣೆಯನ್ನ ಗಮನಿಸಿದ್ದೀರಾ? ಎಫ್ ಕೀಲಿಯ ಅಕ್ಷರವೇ ಅಳಿಸಿಹೋಗಿರುತ್ತೆ. ಇಂಗ್ಲಿಷ್‌ನವರದ್ದು ಹಾಗಾಗಲ್ಲ, ಅವರಿಗೆ ಇ, ಎ ಸವೆಯುತ್ತೆ. ನಮಗೆ ಒತ್ತು ಬರಬೇಕಾದರೆ ನಡುವೆ ಎಫ್ ಒತ್ತಲೇಬೇಕು. ಅಕ್ಕ ಅನ್ನೋಕೂ ಎಫ್, ಅಪ್ಪ ಅನ್ನೋಕೂ ಎಫ್, ಒಂದು ಪುಟಕ್ಕೆ ಎಷ್ಟಾಯ್ತು ಲೆಕ್ಕ ಹಾಕಿ! ಇಂಗ್ಲಿಷಿನ ಅದೇ ಕೀಲಿಮಣೆಯ ಮೇಲೆ, ಉಚ್ಚಾರಕ್ಕೆ ಹೊಂದಿಕೊಳ್ಳೋ ಹಾಗೆ ಕನ್ನಡವನ್ನ ಕೂರಿಸಿದ ಕೆ.ಪಿ. ರಾಯರನ್ನ ದಿನಾ ನೆನೆಯಬೇಕು ನಾವು. ಮಹಾಪ್ರಾಣಕ್ಕೆ, ದೀರ್ಘಕ್ಕೆ ಶಿಫ್ಟ್ ಕೀಲಿ. ಎಡಗಡೆಯ ಶಿಫ್ಟು ಗಿಡ್ಡವಾಗಿರೋ ಲ್ಯಾಪ್‌ಟಾಪ್‌ಗಳೂ ಬರ್ತವೆ, ಕನ್ನಡ ಬರೆಯೋರು ಅದೊಂದನ್ನ ನೋಡಿಕೊಳ್ಳಬೇಕು. ವಿಂಡೋಸೇ ಬೇಕು ಅಂತಲೂ ಇಲ್ಲ. ಲಿನಕ್ಸ್ ಹಾಕಿಕೊಂಡರೆ ಅದರ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಅಂತ ಹೆಸರಿಟ್ಟೇ ಈ ವಿನ್ಯಾಸ ಕೂತಿದೆ. ಪ್ರಪಂಚದ ಯಾವ ಮೂಲೆಯ ಯಂತ್ರದಲ್ಲಿ ಲಿನಕ್ಸ್ ಹಾಕಿದರೂ ಆ ಪಟ್ಟಿಯಲ್ಲಿ ನಮ್ಮ ಕನ್ನಡ ಗಣಕ ಪರಿಷತ್ತಿನ ನೆನಪು ಇರುತ್ತೆ ಅಂದರೆ ಖುಷಿ ಆಗಲ್ವಾ?

ಕೆಲಸಕ್ಕೆ ತಕ್ಕ ಹಾಗೆ ಇನ್ನೂ ಸಣ್ಣಸಣ್ಣ ವಿಚಾರಗಳಿವೆ. ಮೂಲೆಮನೆಯವರು ಅಂಗಡಿಗಳ ಲೆಕ್ಕ ಬರೀತಾರೆ, ದಿನವಿಡೀ ಟ್ಯಾಲಿ. ಅವರಿಗೆ ಹೊಳೆಯೋ ತೆಳ್ಳನೆ 14 ಇಂಚಿನದು ಕೊಡಿಸಿದ ಮಗ. ಪಾಪ, ಅದರಲ್ಲಿ ಬಲಗಡೆ ಅಂಕಿಗಳ ಪ್ಯಾಡೇ ಇಲ್ಲ. ವರ್ಷಗಟ್ಟಲೆ ಮೂರು ಬೆರಳಲ್ಲಿ ಅಂಕಿ ಹೊಡೆದ ಕೈ ಗಾಳಿಯಲ್ಲಿ ತಡಕಾಡಿತು. 15.6 ಇಂಚಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಆ ಪ್ಯಾಡ್ ಇರುತ್ತೆ. ಟ್ಯಾಲಿ ವಿಂಡೋಸಿನ ತಂತ್ರಾಂಶ, ಹಾಗಾಗಿ ಅವರಿಗೆ ಮ್ಯಾಕ್‌ಬುಕ್ಕೂ ಆಗಿಬರಲ್ಲ. ಲಗ್ನಪತ್ರಿಕೆ ಮಾಡೋ ಡಿಟಿಪಿಯವರ ಕಷ್ಟ ಬೇರೆ ತರಹದ್ದು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಅದರಲ್ಲೇ ಇವತ್ತಿಗೂ ಎಷ್ಟೋ ಊರುಗಳ ಲಗ್ನಪತ್ರಿಕೆ ಅಚ್ಚಾಗ್ತಿವೆ. ಹಳೇ ಅಕ್ಷರಗಳು, ಹಳೇ ಕಡತಗಳು, ಹಳೇ ಡಾಂಗಲ್ಲು, ಎಲ್ಲಾ ಹೊಸ ಯಂತ್ರಕ್ಕೆ ಒಗ್ಗುತ್ತಾ ಅಂತ ನೋಡಿಯೇ ಮುಂದೆ ಹೋಗಬೇಕು. ಅಂಥವರು ಹಳೇದನ್ನ ಒಂದು ಮೂಲೆಯಲ್ಲಿ ಹಾಗೇ ಉಳಿಸಿಕೊಂಡು, ಹೊಸದನ್ನ ಪಕ್ಕದಲ್ಲಿ ಇಟ್ಟುಕೊಳ್ಳೋದೇ ಜಾಣತನ.

ಇನ್ನು ಎಂಜಿನಿಯರಿಂಗ್ ಮಕ್ಕಳು. ಸಿವಿಲ್ಲು, ಮೆಕ್ಯಾನಿಕಲ್ಲು ಆದರೆ ಸಾಲಿಡ್‌ವರ್ಕ್ಸ್ ಥರದವು ಬರ್ತವೆ, ಅದು ಓಡೋದು ವಿಂಡೋಸಿನ ಮೇಲೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅನುಕೂಲ. ಕಂಪ್ಯೂಟರ್ ಸೈನ್ಸ್‌ನವರಿಗೆ ಗ್ರಾಫಿಕ್ಸಿಗಿಂತ 16 ಜಿಬಿ ರ‍್ಯಾಮ್ ಮುಖ್ಯ. "ಮುಂದೆ ಬೇಕಾಗುತ್ತೆ" ಅಂತ ಎರಡೂವರೆ ಕೆಜಿಯ ಗೇಮಿಂಗ್ ಲ್ಯಾಪ್‌ಟಾಪ್, ಮುಕ್ಕಾಲು ಕೆಜಿಯ ಚಾರ್ಜರ್ ಕೊಡಿಸಿದರೆ ಮೂಗಿಗಿಂತ ಮೂಗುತಿ ಭಾರ. ಬಿಎಂಟಿಸಿ ಬಸ್ಸಲ್ಲಿ ನಿಂತು ಅದನ್ನ ಹೊರೋ ಹುಡುಗಿಯ ಬೆನ್ನು ನೆನೆಸ್ಕೊಳ್ಳಿ. ಕಾಲೇಜು ಶುರುವಾಗಿ ಮೊದಲ ತಿಂಗಳು ಕಳೆದ ಮೇಲೆ, ಸೀನಿಯರ್‌ಗಳನ್ನ ಕೇಳಿ ತಗೊಂಡರೂ ಏನೂ ಮುಳುಗಿಹೋಗಲ್ಲ.

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಕೆ.ಆರ್. ಮಾರ್ಕೆಟ್ ಮೆಟ್ರೋದಲ್ಲಿ ಇಳಿದು ನಡೆದುಕೊಂಡು ಹೋದರಾಯ್ತು. ಪಂಪ್‌ಸೆಟ್ಟು, ನಟ್ಟು ಬೋಲ್ಟು, ರೆಸಿಸ್ಟರು, ಅದರ ನಡುವೆ ಮದರ್‌ಬೋರ್ಡು. ಕೈಗಾಡಿ, ಸ್ಕೂಟರು, ತಲೆ ಮೇಲೆ ಮಾನಿಟರ್ ಡಬ್ಬ ಹೊತ್ತವರು, ಎಲ್ಲರೂ ಆ ಕಿರಿದಾದ ರಸ್ತೆಯಲ್ಲೇ. ಒಂದು ಅಂಗಡಿಯಲ್ಲಿ ಚೀಟಿ ಬರೆಸಿಕೊಂಡು ಇನ್ನೊಂದಕ್ಕೆ ಹೋಗಿ ತೋರಿಸಿ, ಅಲ್ಲಿ ನೂರಿನ್ನೂರು ಇಳಿಸಿಕೊಂಡು ಮತ್ತೆ ಮೊದಲನೇದಕ್ಕೆ ಬರೋ ಸುಖ ಮನೆಯಲ್ಲಿ ಕೂತು ಆರ್ಡರ್ ಮಾಡೋದರಲ್ಲಿ ಎಲ್ಲಿ? ಡೆಸ್ಕ್‌ಟಾಪ್ ಜೋಡಿಸಿಕೊಳ್ಳೋರಿಗೆ ಅದೇ ಸ್ವರ್ಗ. ಒಳಗಿನ ಭಾಗಗಳಿಗೆಲ್ಲಾ ಕರೆಂಟ್ ಹಂಚೋ ಎಸ್‌ಎಂಪಿಎಸ್ಸಿನಲ್ಲಿ ಮಾತ್ರ ಜಿಪುಣತನ ಬೇಡ ಅಂತ ಹೇಳ್ತೀನಿ, ಅದು ಕೆಟ್ಟರೆ ತಾನೊಂದೇ ಕೆಡಲ್ಲ, ಉಳಿದವನ್ನೂ ಎಳ್ಕೊಂಡು ಹೋಗುತ್ತೆ. ಭಾನುವಾರ ಹೋಗಬೇಡಿ, ಬಹಳಷ್ಟು ಬಾಗಿಲು ಹಾಕಿರ್ತಾರೆ.

ಅಲ್ಲೇ ಸೆಕೆಂಡ್ಸ್ ಲ್ಯಾಪ್‌ಟಾಪೂ ಸಿಗ್ತವೆ. ಐಟಿ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡು, ಎಲೈಟ್‌ಬುಕ್ಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದವರಿಗೆ ಇವು ನಿಜಕ್ಕೂ ಒಳ್ಳೆಯವು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದೇ ಬೆಲೆಯ ಹೊಸ ಪ್ಲಾಸ್ಟಿಕ್ ಯಂತ್ರಕ್ಕಿಂತ ಕೀಲಿಮಣೆ ಚೆನ್ನಾಗಿರುತ್ತೆ, ಕೀಲು ಗಟ್ಟಿ ಇರುತ್ತೆ. ನೋಡಬೇಕಾದ್ದು ಎರಡೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗೀತು. 11 ಓಡಬೇಕಾದರೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆ ಅಥವಾ ಅದರಾಚೆಯದು ಇರಬೇಕು. ಆರು, ಏಳನೇ ಪೀಳಿಗೆಯವು ಅಗ್ಗವಾಗಿ ಬಿದ್ದಿರೋದು ಅದಕ್ಕೇ. ಲಿನಕ್ಸ್ ಹಾಕಿಕೊಳ್ಳೋರಿಗೆ ಅವೂ ಲಾಭವೇ ಅನ್ನಿ. ಇನ್ನೊಂದು ಬ್ಯಾಟರಿ. ವಿಂಡೋಸೇ ಒಂದು ಬ್ಯಾಟರಿ ವರದಿ ಕೊಡುತ್ತೆ, ಅದರಲ್ಲಿ ಹೊಸದಿದ್ದಾಗ ಎಷ್ಟು ತುಂಬ್ತಿತ್ತು, ಈಗ ಎಷ್ಟು ತುಂಬುತ್ತೆ ಅಂತ ಎರಡು ಅಂಕಿ ಇರುತ್ತೆ. ತೋರಿಸಿ ಅಂದರೆ ಒಳ್ಳೇ ಅಂಗಡಿಯವರು ಬೇಸರ ಮಾಡ್ಕೊಳ್ಳಲ್ಲ.

ಬೆಲೆ, ಅಗತ್ಯ ಅಂದಾಗ ನನಗೆ ಸಿಂಪ್ಯೂಟರ್ ನೆನಪಾಗುತ್ತೆ. ಇಲ್ಲೇ ಬೆಂಗಳೂರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ಕನಸು ಕಂಡ ಅಂಗೈ ಕಂಪ್ಯೂಟರ್. 2004ರಲ್ಲಿ ಬಿಇಎಲ್ ಜೊತೆಗೂಡಿ ಅಮಿಡಾ ಅನ್ನೋ ಹೆಸರಲ್ಲಿ ಮಾರುಕಟ್ಟೆಗೂ ಬಂತು. ಅವರು ಶುರು ಮಾಡಿದ್ದೇ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಬೆಲೆಗೆ ಅನ್ನೋ ಪ್ರಶ್ನೆಯಿಂದ. ಓದು ಬಾರದವರಿಗೆ ಅದು ನಮ್ಮ ಭಾಷೆಯಲ್ಲೇ ಓದಿ ಹೇಳಬೇಕು, ಒಬ್ಬೊಬ್ಬರಿಗೂ ಕೊಳ್ಳೋಕೆ ಆಗದಿದ್ದರೆ ಒಂದೇ ಯಂತ್ರವನ್ನ ಊರಿನವರೆಲ್ಲಾ ತಂತಮ್ಮ ಸ್ಮಾರ್ಟ್ ಕಾರ್ಡ್ ತುರುಕಿ ಬಳಸಬೇಕು ಅಂತ ಯೋಚಿಸಿದ್ದರು. ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಆದರೆ ಆ ಯೋಚನೆಯ ದಾರಿ ಎಷ್ಟು ಚೆಂದ, ಅಲ್ವಾ? ನಾವು ಅಂಗಡಿಗೆ ಹೋಗೋವಾಗಲೂ ಅದೇ ಮೂರು ಪ್ರಶ್ನೆ ಜೇಬಲ್ಲಿಟ್ಟುಕೊಂಡು ಹೋಗಬಹುದು.

ಜೇಬು ಅಂದಮೇಲೆ ಲೆಕ್ಕ. 50,000 ಇಟ್ಟಿದ್ದೀರಿ ಅಂದರೆ ಅಷ್ಟನ್ನೂ ಯಂತ್ರಕ್ಕೇ ಹಾಕಬೇಡಿ. ಚೀಲ, ಮೌಸು, ಒಂದು ಹೊರಗಿನ ಡಿಸ್ಕು, ಡೆಸ್ಕ್‌ಟಾಪಾದರೆ ಯುಪಿಎಸ್ಸು ಕಾದಿರುತ್ತವೆ. ಎಂಎಸ್ ಆಫೀಸ್ ಜೊತೆಗೆ ಬರುತ್ತಾ, ಬಂದರೆ ಶಾಶ್ವತವಾ, ಒಂದು ವರ್ಷಕ್ಕಾ ಅಂತ ಕೇಳಿ. ಬರದಿದ್ದರೂ ಚಿಂತೆಯಿಲ್ಲ, ಲಿಬ್ರೆಆಫೀಸ್ ಬಿಟ್ಟಿ ಸಿಗುತ್ತೆ, ಮನೆಯ ಕೆಲಸಕ್ಕೆ ಸಾಕಾಗುತ್ತೆ. ಕೆಲವರು "ಬಿಲ್ ಬೇಕಾ, ಬೇಡ್ವಾ?" ಅಂತಾರೆ. ಬೇಕು ಅನ್ನಿ. ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ 18 ಪರ್ಸೆಂಟ್, 50,000ದಲ್ಲಿ 7,600ಕ್ಕೂ ಮಿಕ್ಕಿ ತೆರಿಗೆಯೇ ಆಯ್ತು, ನಿಜ. ಆದರೆ ಬಿಲ್ಲಿಲ್ಲದೆ ವಾರಂಟಿ ಕೇಳೋಕೆ ಮುಖ ಎಲ್ಲಿರುತ್ತೆ? ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಸ್ಥರು ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಬರೆಸಿಕೊಂಡರೆ ಆ ತೆರಿಗೆಯನ್ನ ಲೆಕ್ಕದಲ್ಲಿ ವಜಾ ಮಾಡಿಕೊಳ್ಳಬಹುದು, ಮೂಲೆಮನೆಯವರೇ ಹೇಳಿಕೊಟ್ಟದ್ದು.

ಮನೆಗೆ ತಂದ ಮೇಲೆ ಒಂದು ವಿಚಿತ್ರ ನಡೆಯುತ್ತೆ. ಲೋಹದ ಮೈಯಿನ ಲ್ಯಾಪ್‌ಟಾಪನ್ನ ಚಾರ್ಜಿಗೆ ಹಾಕಿ ಮೇಲೆ ಕೈಯಾಡಿಸಿದರೆ ಜುಮ್ ಅನ್ನುತ್ತೆ. ಹೆದರಿ ಎಷ್ಟೋ ಜನ ಯಂತ್ರವೇ ಸರಿಯಿಲ್ಲ ಅಂದ್ಕೋತಾರೆ. ಹಳೇ ಮನೆಗಳಲ್ಲಿ ಅರ್ತಿಂಗ್ ನೆಟ್ಟಗಿರಲ್ಲ, ಎರಡು ಪಿನ್ನಿನ ಚಾರ್ಜರ್ ಆದರಂತೂ ಅರ್ತೇ ಇಲ್ಲ, ಚಾರ್ಜರಿನಿಂದ ಸೋರೋ ಅಲ್ಪ ಕರೆಂಟಿಗೆ ಹೋಗೋಕೆ ದಾರಿ ಇರಲ್ಲ. ಮೂರು ಪಿನ್ನಿನದು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ನೋಡಿಸಿ, ಲ್ಯಾಪ್‌ಟಾಪಿನ ನೆಪದಲ್ಲಿ ಮಿಕ್ಸಿ, ಗೀಸರಿಗೂ ಒಳ್ಳೇದಾಗುತ್ತೆ. ಹಾಗೇ ಹಾಸಿಗೆ ಮೇಲಿಟ್ಟು ಓಡಿಸಬೇಡಿ, ಉಸಿರಾಡೋ ಕಿಂಡಿಗಳು ಕೆಳಗಿರುತ್ತವೆ, ಬೆಡ್‌ಶೀಟು ಮುಚ್ಚಿಬಿಡುತ್ತೆ. ಆಯುಧಪೂಜೆಯ ದಿನ ಕುಂಕುಮ ಇಡಿ, ಬೇಡ ಅನ್ನಲ್ಲ, ನಾನೂ ಇಡ್ತೀನಿ. ಮುಚ್ಚಳದ ಮೇಲಿಡಿ, ಗಂಧ ನೀರಾಗಿ ಕಲಸಬೇಡಿ, ಕೀಲಿಗಳ ಸಂದಿಗೆ ಅಕ್ಷತೆ ಬೀಳದ ಹಾಗೆ ನೋಡ್ಕೊಳ್ಳಿ.

ತಂದ ವಾರದೊಳಗೆ ಎಲ್ಲಾ ಕೀಲಿ ಒಂದೊಂದಾಗಿ ಒತ್ತಿ ನೋಡಿ, ಕ್ಯಾಮೆರಾ, ಮೈಕು, ಎಲ್ಲಾ ಯುಎಸ್‌ಬಿ ತೂತು ಪರೀಕ್ಷೆ ಮಾಡಿ, ಪರದೆಯನ್ನ ಪೂರ್ತಿ ಬಿಳಿ ಮಾಡಿ ಚುಕ್ಕೆ ಇದೆಯಾ ನೋಡಿ. ಬದಲಾಯಿಸಿ ಕೊಡೋ ಗಡುವು ಬಹಳ ಚಿಕ್ಕದು. ಕಂಪನಿಯ ಜಾಲತಾಣದಲ್ಲಿ ವಾರಂಟಿ ಯಾವತ್ತಿಂದ ಶುರುವಾಗಿದೆ ಅಂತಲೂ ನೋಡಿ, ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಸರಕಾದರೆ ತಾರೀಕು ಹಿಂದಿನದಿರುತ್ತೆ, ಬಿಲ್ಲು ತೋರಿಸಿದರೆ ಸರಿಮಾಡಿ ಕೊಡ್ತಾರೆ. ಆ ಬಿಲ್ಲು ಥರ್ಮಲ್ ಕಾಗದದ್ದಾಗಿದ್ದರೆ ವಾರಂಟಿಗಿಂತ ಮೊದಲೇ ಅದರ ಮೇಲಿನ ಅಕ್ಷರ ಮಾಸಿಹೋಗುತ್ತೆ. ಅಂಗಡಿಯ ಮೆಟ್ಟಿಲು ಇಳಿಯೋ ಮುಂಚೆಯೇ ಒಂದು ಫೋಟೋ ತೆಗೆದು, ಮನೆಯವರಿಗೂ ಕಳಿಸಿಟ್ಟಿರಿ.